ಚಿಲ್ಲರೆ ಕಾಸಿನ ಪುಣ್ಯವೂ ಬೀದಿಗೆ ಬಿದ್ದ ಮಕ್ಕಳೂ

ಕೊಡಗಿನಲ್ಲಿ ಬೀದಿ ಮಕ್ಕಳೇ? ಅದು ಬೆಂಗಳೂರು, ಮುಂಬಯಿಗಳ ಸಮಸ್ಯೆಯಲ್ಲವೇ? ಹೀಗೆಂದು ಹುಬ್ಬೇರಿಸುವವರು ನಮ್ಮ ನಡುವೆ ಕಡಿಮೆಯಿಲ್ಲ. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ರೈಲು ನಿಲ್ದಾಣದ ಮೂಲೆಯಲ್ಲಿ ಮುದುರಿ ಮಲಗಿದ ಮಕ್ಕಳ ದೃಶ್ಯ ಇಲ್ಲಿ ಕಾಣಸಿಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಬಯಲಿನಲ್ಲಿ ಮಲಗುವುದು ದೊಡ್ಡವರಿಗೂ ಸಾಧ್ಯವಾಗದ ಮಾತು. ಆದುದರಿಂದ ಇಲ್ಲಿ ಮನೆಯಿಲ್ಲದ ಮಗು ಬೇರೆ ವೇಷದಲ್ಲಿರುತ್ತದೆ. ಶುಕ್ರವಾರ ಜುಮುಅ ಮುಗಿಯುವ ಹೊತ್ತಿಗೆ ಅದು ಮಸೀದಿಯ ಗೇಟಿನಲ್ಲಿರುತ್ತದೆ. ಉರೂಸಿನ ದಿನಗಳಲ್ಲಿ ದರ್ಗಾದ ದಾರಿಯಲ್ಲಿರುತ್ತದೆ. ಪ್ರವಾಸಿಗರ ಕಾರುಗಳು ಸಾಲುಗಟ್ಟುವಲ್ಲಿ ಬಲೂನು ಹಿಡಿದು ನಿಂತಿರುತ್ತದೆ. ರಸ್ತೆ ಬದಿಯ ಟಾರ್ಪಾಲಿನ ಡೇರೆಯಲ್ಲಿ ತಮ್ಮನನ್ನು ಸೊಂಟದಲ್ಲಿ ಹೊತ್ತಿರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಗಿಡದ ಬುಡದಲ್ಲಿ ಹಾಸಿದ ಗೋಣಿಚೀಲದ ಮೇಲೆ ಕುಳಿತಿರುತ್ತದೆ.

ನಾವು ಅದನ್ನು ನೋಡುತ್ತೇವೆ. ಜೇಬಿಗೆ ಕೈ ಹಾಕಿ, ಸಿಕ್ಕ ನಾಣ್ಯವನ್ನು ಅದರ ಅಂಗೈಗೆ ಹಾಕುತ್ತೇವೆ. ಸದಕ ಸಲ್ಲಿತೆಂದು ಸಮಾಧಾನಪಟ್ಟು ಮನೆಗೆ ಹೋಗಿ ಊಟ ಮಾಡುತ್ತೇವೆ. ಮುಂದಿನ ಶುಕ್ರವಾರ ಅದೇ ಮಗು ಅದೇ ಗೇಟಿನಲ್ಲಿರುತ್ತದೆ. ಅದು ಅಲ್ಲಿಯೇ ಉಳಿಯಲು ನಮ್ಮ ನಾಣ್ಯವೂ ಒಂದು ಕಾರಣವಾಯಿತೆಂಬ ಯೋಚನೆ ಎಷ್ಟು ಮಂದಿಗೆ ಬಂದಿದೆ? ಈ ಲೇಖನದ ಪ್ರಶ್ನೆ ಇಷ್ಟೇ.

ಸೂರು ಹೋಗುವ ಬಗೆ

ಮೊದಲು, ಈ ಮಕ್ಕಳು ಬೀದಿಗೆ ಬರುವುದು ಹೇಗೆಂದು ತಿಳಿಯಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯಿದು. ಈ ತೋಟಗಳ ಕೆಲಸಗಾರರಲ್ಲಿ ಬಹಳ ಮಂದಿ ಲೈನ್‌ಮನೆಗಳಲ್ಲಿ ವಾಸಿಸುತ್ತಾರೆ. ಲೈನ್‌ಮನೆ ತೋಟದ ಮಾಲೀಕರದು. ಕೆಲಸವಿರುವವರೆಗೆ ಮಾತ್ರ ಅದು ಮನೆ. ಕಾಯಿಲೆ ಬಿದ್ದರೆ, ಮುದಿತನ ಬಂದರೆ, ಗಂಡ ತೀರಿಕೊಂಡರೆ, ಮೇಸ್ತ್ರಿಯೊಡನೆ ಜಗಳವಾದರೆ ಕೂಲಿ ಹೋದ ದಿನವೇ ಸೂರೂ ಹೋಗುತ್ತದೆ. ಆ ಕುಟುಂಬದ ಮಕ್ಕಳು ಮೊದಲು ಶಾಲೆಯನ್ನು ಕಳೆದುಕೊಳ್ಳುತ್ತಾರೆ, ಅನಂತರ ಊರನ್ನು.

2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ನಡೆದುದನ್ನು ನಾವು ಮರೆಯಬಾರದು. ಲೈನ್‌ಮನೆಗಳ ಬದುಕು ಸಾಕೆಂದು ಹೊರಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಸೂರುಗಳನ್ನು ನೆಲಸಮ ಮಾಡಲಾಯಿತು. ಯರವ, ಜೇನುಕುರುಬ ಮಕ್ಕಳು ಚಳಿಗಾಲದ ರಾತ್ರಿಗಳನ್ನು ಬಯಲಿನಲ್ಲಿ ಕಳೆದರು. ದೀರ್ಘ ಹೋರಾಟದ ನಂತರವಷ್ಟೇ ಅವರಿಗೆ ಬೇರೆಡೆ ನಿವೇಶನಗಳ ವ್ಯವಸ್ಥೆಯಾಯಿತು. ಇನ್ನೊಂದೆಡೆ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. 2019ರಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡು ಮೊದಲಾದ ಹೊಳೆದಂಡೆಯ ಊರುಗಳಲ್ಲಿ ಮನೆಗಳು ನೆಲಕಚ್ಚಿದವು. ಬೆಳಿಗ್ಗೆ ಮನೆಯವರಾಗಿದ್ದವರು ಸಂಜೆಯ ಹೊತ್ತಿಗೆ ನಿರಾಶ್ರಿತರ ಕೇಂದ್ರದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತುದನ್ನು ಕಂಡ ಜಿಲ್ಲೆಯಿದು. ಮನೆಯಿರುವವರಿಗೂ ಮನೆಯಿಲ್ಲದವರಿಗೂ ನಡುವಿನ ಗೋಡೆ ಎಷ್ಟು ತೆಳುವಾದುದೆಂದು ಕೊಡಗಿನವರಿಗೆ ಯಾರೂ ಬೋಧಿಸಬೇಕಿಲ್ಲ.

ಇನ್ನು ಹೊರಗಿನಿಂದ ಕೂಲಿಗೆ ಬರುವವರು. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳು ಇಂದು ನಮ್ಮ ತೋಟಗಳಲ್ಲಿವೆ. ಅವರಲ್ಲಿ ಅನೇಕರು ನಮ್ಮ ಪಕ್ಕದ ಸಫ್‌ನಲ್ಲಿಯೇ ನಿಂತು ನಮಾಝ್ ಮಾಡುತ್ತಾರೆ. ಕಾಫಿ ಕೊಯ್ಲು ನವೆಂಬರಿನ ಸುಮಾರಿಗೆ ಆರಂಭವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಶಾಲಾ ವರ್ಷದ ಮುಖ್ಯ ತಿಂಗಳುಗಳೂ ಅವೇ. ಕೊಯ್ಲಿಗೆ ಬಂದ ಮಗುವಿನ ಹೆಸರು ಅಲ್ಲಿನ ಶಾಲೆಯ ಹಾಜರಿ ಪುಸ್ತಕದಿಂದ ಬಿಟ್ಟುಹೋಗುತ್ತದೆ, ಇಲ್ಲಿನದಕ್ಕೆ ಸೇರುವುದಿಲ್ಲ. ತಂದೆ ತಾಯಿ ಇಬ್ಬರೂ ಕೊಯ್ಲಿಗೆ ಹೋದಾಗ ಎಂಟು ವರ್ಷದ ಅಕ್ಕನೇ ಎರಡು ವರ್ಷದ ತಂಗಿಗೆ ತಾಯಿಯಾಗುತ್ತಾಳೆ. ಕಾಡಾನೆಗಳು ಹಗಲಿನಲ್ಲಿಯೂ ತೋಟದೊಳಗೆ ಸುಳಿದಾಡುವ ಸೀಮೆಯಿದೆಂಬುದನ್ನೂ ನೆನಪಿಡಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಕಾಯಿದೆಯ ಪುಸ್ತಕದಲ್ಲಿರುವ ತೊಟ್ಟಿಲು ಕಾಫಿ ಗಿಡದ ನೆರಳಿಗೆ ತಲುಪಬೇಕಾದರೆ ಅದನ್ನು ಕೇಳುವವರು ಬೇಕು.

ನೆಪಗಳ ಪಟ್ಟಿ

ಈ ಮಕ್ಕಳ ವಿಷಯವೆತ್ತಿದಾಗ ನಮ್ಮ ಸಭೆಗಳಲ್ಲಿ ಕೇಳಿಬರುವ ಉತ್ತರಗಳು ಮೂರು.

ಒಂದನೆಯದು: ಇವರು ಯತೀಮರಲ್ಲ, ಇವರಿಗೆ ತಂದೆ ತಾಯಿ ಇದ್ದಾರೆ. ನಿಜ. ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗುವನ್ನೇ ಶರೀಅತ್ ಯತೀಮ್ ಎಂದು ಕರೆಯುತ್ತದೆ. ಬೀದಿಯಲ್ಲಿರುವ ಮಕ್ಕಳಲ್ಲಿ ಬಹಳ ಮಂದಿಗೆ ಕುಟುಂಬವಿದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2020ರಲ್ಲಿ ಹೊರಡಿಸಿದ ಕಾರ್ಯವಿಧಾನವೂ ಈ ಮಕ್ಕಳನ್ನು ಮೂರು ಬಗೆಯಾಗಿ ನೋಡುತ್ತದೆ: ಒಂಟಿಯಾಗಿ ಬೀದಿಯಲ್ಲಿರುವವರು, ಕುಟುಂಬದೊಡನೆ ಬೀದಿಯಲ್ಲಿಯೇ ವಾಸಿಸುವವರು, ಹಗಲೆಲ್ಲ ಬೀದಿಯಲ್ಲಿದ್ದು ರಾತ್ರಿ ಸಮೀಪದ ಜೋಪಡಿಗೆ ಮರಳುವವರು. ಈ ಕಾರ್ಯವಿಧಾನವನ್ನು ವಿಳಂಬವಿಲ್ಲದೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿತು. ತಂದೆ ತಾಯಿ ಇದ್ದಾರೆಂಬುದು ನಮಗೆ ಬಿಡುಗಡೆಯಲ್ಲ. ಯಾರ ಮೂಲಕ ನೆರವು ತಲುಪಿಸಬೇಕೆಂಬುದಕ್ಕೆ ಅದು ದಾರಿ. ಅಂತಹ ತಂದೆ ತಾಯಿ ಫಕೀರರೂ ಮಿಸ್ಕೀನರೂ ಆಗಿದ್ದಾರಲ್ಲವೇ? ಝಕಾತಿನ ಎಂಟು ವಿಭಾಗಗಳಲ್ಲಿ ಮೊದಲು ಬರುವ ಎರಡು ಅವೇ. ಇದಕ್ಕೆ ಹೊಸ ಫತ್ವಾ ಬೇಕಿಲ್ಲ.

ಎರಡನೆಯದು: ಇದೊಂದು ಜಾಲ, ಮಕ್ಕಳನ್ನು ಮುಂದಿಟ್ಟು ಹಣ ಮಾಡುವವರು ಹಿಂದಿದ್ದಾರೆ. ಇರಬಹುದು. ಆದರೆ ಹಾಗೆನ್ನುವವರು ತಮ್ಮ ಮಾತಿನ ಭಾರವನ್ನು ತಾವೇ ಅರಿತಿಲ್ಲ. ಮಗುವನ್ನು ಭಿಕ್ಷೆಗೆ ಹಚ್ಚುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 5 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ. ಜಾಲವೆಂದು ನಂಬಿದವನು ನಾಣ್ಯ ಕೊಟ್ಟರೆ ಆ ಜಾಲಕ್ಕೆ ಬಂಡವಾಳ ಹಾಕಿದಂತೆ. ಕೊಡದೆ ಮುಖ ತಿರುಗಿಸಿ ನಡೆದರೆ ಮಗುವನ್ನು ಆ ಜಾಲಕ್ಕೇ ಬಿಟ್ಟುಕೊಟ್ಟಂತೆ. ಸಂಶಯ ನಿಜವಾದುದಾದರೆ ಫೋನು ಕೈಗೆತ್ತಿಕೊಳ್ಳಬೇಕು. ಅದನ್ನೂ ಮಾಡದವನ ಬಾಯಲ್ಲಿ ಜಾಲವೆಂಬ ಮಾತು ಜಿಪುಣತನಕ್ಕೆ ಹೊದಿಸಿದ ಶಾಲು ಮಾತ್ರ.

ಮೂರನೆಯದು: ಇವರು ನಮ್ಮವರಲ್ಲ, ಹೊರಗಿನವರು. ಈ ಮಾತನ್ನು ಆಡುವ ನಾವು ಯಾರ ಮೊಮ್ಮಕ್ಕಳು? 2011ರ ಜನಗಣತಿಯಲ್ಲಿ ಕೊಡಗಿನ ಐದೂವರೆ ಲಕ್ಷ ಜನರಲ್ಲಿ ಮುಸ್ಲಿಮರು ಸುಮಾರು 87 ಸಾವಿರ. ಇವರಲ್ಲಿ ಶತಮಾನಗಳಿಂದ ಈ ಮಣ್ಣಿನವರಾದ ಕೊಡವ ಮಾಪಿಳ್ಳೆಗಳೂ ಇದ್ದಾರೆ, ಮಲಬಾರಿನಿಂದಲೂ ದಕ್ಷಿಣ ಕನ್ನಡದಿಂದಲೂ ವ್ಯಾಪಾರಕ್ಕೆ, ತೋಟದ ಕೂಲಿಗೆ ಘಟ್ಟ ಹತ್ತಿ ಬಂದವರ ಸಂತತಿಯವರೂ ಇದ್ದಾರೆ. ಆ ಅಜ್ಜಂದಿರನ್ನೂ ಅಂದು ಹೊರಗಿನವರೆಂದೇ ಕರೆದಿರಬೇಕು. ಹಿಜ್ರಾವನ್ನೇ ವರ್ಷಗಣನೆಯ ಮೊದಲಾಗಿ ಇಟ್ಟುಕೊಂಡ ಸಮುದಾಯವು ವಲಸೆ ಬಂದವನನ್ನು ಹೊರಗಿನವನೆಂದು ತಳ್ಳುವುದಾದರೆ ಅದಕ್ಕಿಂತ ದೊಡ್ಡ ಮರೆವು ಇನ್ನೊಂದಿಲ್ಲ.

ಇನ್ನು ಆ ಮಗು ಮುಸ್ಲಿಂ ಅಲ್ಲದಿದ್ದರೆ? ಝಕಾತಿನ ಹಕ್ಕುದಾರರ ನಿಬಂಧನೆ ಬೇರೆ. ಸದಕಕ್ಕೆ ಆ ಗಡಿಯಿಲ್ಲ. ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯನ್ನು ಕಂಡು ಹಝ್ರತ್ ಉಮರ್ (ರ) ಅವರು ಕೈಹಿಡಿದು ಮನೆಗೆ ಕರೆದೊಯ್ದು, ಬೈತುಲ್ ಮಾಲ್‌ನಿಂದ ಅವನಿಗೆ ವೇತನ ಗೊತ್ತುಪಡಿಸಿದ ಪ್ರಸಂಗವನ್ನು ಇಮಾಂ ಅಬೂ ಯೂಸುಫ್ ಅವರು ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಹಸಿದ ಮಗುವಿನ ಧರ್ಮ ಯಾವುದೆಂದು ಮೊದಲು ವಿಚಾರಿಸುವವನು ಉಮರರ ದಾರಿಯಲ್ಲಿಲ್ಲ.

ನಾಣ್ಯವೂ ಕೊಡಲಿಯೂ

ಪ್ರವಾದಿಯವರು (ಸ.ಅ) ಬೇಡಲು ಬಂದವನನ್ನು ಹೇಗೆ ನಡೆಸಿಕೊಂಡರೆಂಬುದಕ್ಕೆ ಅಬೂದಾವೂದ್‌ನಲ್ಲಿ ವರದಿಯಾದ ಒಂದು ಪ್ರಸಂಗ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವಂಥದು. ಅನ್ಸಾರಿಯೊಬ್ಬರು ಬಂದು ಕೈಚಾಚಿದಾಗ ಪ್ರವಾದಿಯವರು ಮೊದಲು ವಿಚಾರಿಸಿದುದು ಅವರ ಮನೆಯಲ್ಲಿ ಏನಿದೆಯೆಂದು. ಒಂದು ಹೊದಿಕೆ, ಒಂದು ನೀರಿನ ಪಾತ್ರೆ ಮಾತ್ರ ಇತ್ತು. ಅವನ್ನು ತರಿಸಿ, ಸಭೆಯಲ್ಲಿಯೇ ಹರಾಜು ಮಾಡಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮಿನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಅದಕ್ಕೆ ತಾವೇ ಹಿಡಿ ಕೂರಿಸಿ ಕೊಟ್ಟು, ಸೌದೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ಅವಧಿಯನ್ನೂ ಗೊತ್ತುಪಡಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿಕೊಂಡು ಮರಳಿ ಬಂದರು.

ಈ ಪ್ರಸಂಗವನ್ನು ನಮ್ಮಲ್ಲಿ ಅನೇಕರು ಭಿಕ್ಷುಕರನ್ನು ಗದರಿಸಲು ಮಾತ್ರ ಬಳಸುತ್ತಾರೆ. ದುಡಿದು ತಿನ್ನು ಎಂಬ ಒಂದು ಮಾತಿಗೆ ಇಡೀ ಹದೀಸನ್ನು ಇಳಿಸಿಬಿಡುತ್ತಾರೆ. ಅದರಲ್ಲಿ ಪ್ರವಾದಿಯವರು ಎಷ್ಟು ಕೆಲಸ ಮಾಡಿದರೆಂಬುದನ್ನು ಎಣಿಸಿ ನೋಡಿ. ಮನೆಯ ಸ್ಥಿತಿ ವಿಚಾರಿಸಿದರು. ಅಂದಿನ ಹಸಿವಿಗೆ ದಾರಿ ಮಾಡಿದರು. ನಾಳೆಯ ದುಡಿಮೆಗೆ ಸಾಧನ ಒದಗಿಸಿದರು. ತಮ್ಮ ಕೈಯಾರೆ ಅದನ್ನು ಸಿದ್ಧಪಡಿಸಿದರು. ಮರಳಿ ಬಂದು ವರದಿ ಒಪ್ಪಿಸುವ ದಿನವನ್ನು ನಿಶ್ಚಯಿಸಿದರು. ನಾವು ಗೇಟಿನಲ್ಲಿ ಕೊಡುವ ನಾಣ್ಯದಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ? ಮಗುವಿನ ಹೆಸರಾದರೂ ನಮಗೆ ಗೊತ್ತಿದೆಯೇ?

ದೊಡ್ಡವನಿಗೆ ಕೊಡಲಿ ಸಾಧನವಾದರೆ ಮಗುವಿಗೆ ಶಾಲೆಯೇ ಸಾಧನ. ಕೊಡಲಿಯನ್ನು ತಂದೆಗೆ, ಹೊಲಿಗೆ ಯಂತ್ರವನ್ನು ತಾಯಿಗೆ, ಪುಸ್ತಕವನ್ನು ಮಗುವಿಗೆ ಕೊಡುವ ವ್ಯವಸ್ಥೆ ಮಾಡುವುದು ಜಮಾಅತಿನ ಶಕ್ತಿಗೆ ಮೀರಿದುದೇನಲ್ಲ. ಒಂದು ಲೆಕ್ಕ ಹಾಕೋಣ. ಒಂದು ಮಸೀದಿಯಲ್ಲಿ ನೂರು ಮಂದಿ ವಾರಕ್ಕೆ ಹತ್ತು ರೂಪಾಯಿಯಂತೆ ಗೇಟಿನಲ್ಲಿ ಚದುರಿಸುತ್ತಾರೆಂದಿಟ್ಟುಕೊಳ್ಳಿ. ವಾರಕ್ಕೆ 1,000, ವರ್ಷಕ್ಕೆ 52,000 ರೂಪಾಯಿ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯು ಸಂಕಷ್ಟದಲ್ಲಿರುವ ಮಗುವನ್ನು ಕುಟುಂಬದಲ್ಲಿಯೇ ಉಳಿಸಿ ಓದಿಸಲು ಗೊತ್ತುಪಡಿಸಿದ ಪ್ರಾಯೋಜಕತ್ವದ ಮೊತ್ತ ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000. ಅಂದರೆ ಗೇಟಿನಲ್ಲಿ ಉದುರಿ ಹೋಗುವ ಚಿಲ್ಲರೆ ಒಟ್ಟುಗೂಡಿದರೆ ಒಂದು ಮಗು ಒಂದು ವರ್ಷ ಬೀದಿಯಿಂದ ಹೊರಗಿರಬಹುದು. ಕೊಡುವ ಕೈ ನಮ್ಮಲ್ಲಿ ಕಡಿಮೆಯಾಗಿಲ್ಲ, ಕೊಡುವ ಕ್ರಮ ಕೆಟ್ಟಿದೆ.

ನಮ್ಮ ಫಿಖ್‌ಹ್ ಮರೆತ ನಾವು

ದರ್ಸ್‌ಗಳಲ್ಲಿ ಓದಿಸುವ ಫಿಖ್‌ಹ್ ಗ್ರಂಥಗಳಲ್ಲಿ ಲಖೀತ್ ಎಂಬ ಒಂದು ಅಧ್ಯಾಯವಿದೆ. ವಾರಸುದಾರರಿಲ್ಲದೆ ಬಿದ್ದಿರುವ ಮಗುವೇ ಲಖೀತ್. ಅದನ್ನು ಎತ್ತಿಕೊಳ್ಳುವುದು ಫರ್ಳ್ ಕಿಫಾಯವೆಂದು ಇಮಾಂ ನವವಿ (ರ) ಅವರ ಮಿನ್‌ಹಾಜ್ ಹೇಳುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ತಿಳಿದಿದ್ದವರೆಲ್ಲರೂ ಪಾಪಿಗಳು. ಮಯ್ಯಿತ್ ನಮಾಝಿಗೆ ಊರಿಗೆ ಊರೇ ಧಾವಿಸುವ ನಾವು, ಅದೇ ದರ್ಜೆಯ ಈ ಫರ್ಳನ್ನು ಕೇಳಿಯೇ ಇಲ್ಲವೆಂಬಂತೆ ಇರುವುದು ಹೇಗೆ?

ಆ ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ. ಮಗುವನ್ನು ಎತ್ತಿಕೊಂಡವನು ಸಾಕ್ಷಿಗಳನ್ನು ನಿಲ್ಲಿಸಬೇಕು. ಗುಟ್ಟಾಗಿ ಒಯ್ದ ಮಗುವನ್ನು ಯಾರಾದರೂ ದಾಸನನ್ನಾಗಿ ಮಾಡಿಕೊಂಡಾರು, ಅದರ ವಂಶದ ಗುರುತು ಅಳಿದುಹೋದೀತು ಎಂಬ ಎಚ್ಚರಿಕೆಯೇ ಇದಕ್ಕೆ ಕಾರಣವೆಂದು ಉಲಮಾಗಳು ವಿವರಿಸಿದ್ದಾರೆ. ನಂಬಿಕೆಗೆ ಅರ್ಹನಲ್ಲದವನು ಎತ್ತಿಕೊಂಡರೆ ಮಗುವನ್ನು ಅವನ ಕೈಯಿಂದ ಬಿಡಿಸಬೇಕು. ಹಝ್ರತ್ ಉಮರರ ಕಾಲದಲ್ಲಿ ಒಬ್ಬರು ಸಿಕ್ಕಿದ ಮಗುವನ್ನು ತಂದೊಪ್ಪಿಸಿದಾಗ, ತಂದವರ ನಡತೆಯನ್ನು ವಿಚಾರಿಸಿ ತಿಳಿದ ಮೇಲೆಯೇ ಖಲೀಫರು ಮಗುವನ್ನು ಅವರಲ್ಲಿ ಬಿಟ್ಟರು, ಖರ್ಚನ್ನು ಬೈತುಲ್ ಮಾಲ್ ವಹಿಸಿತು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಸಿಗುತ್ತಿದ್ದ ಭತ್ಯೆಗಾಗಿ ತಾಯಿಯೊಬ್ಬಳು ಕೂಸಿನ ಹಾಲು ಬೇಗ ಬಿಡಿಸುತ್ತಿರುವುದನ್ನು ಕಂಡು, ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೆ ಭತ್ಯೆ ಸಲ್ಲಬೇಕೆಂದು ಆಜ್ಞಾಪಿಸಿದವರೂ ಅವರೇ.

ಇಂದಿನ ದೇಶದ ಕಾನೂನು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಕುಟುಂಬದ ಆಸರೆಯಿಲ್ಲದೆ ಒಂಟಿಯಾಗಿ ಸಿಕ್ಕಿದ ಮಗುವಿನ ಬಗ್ಗೆ 24 ಗಂಟೆಗಳೊಳಗೆ ಮಕ್ಕಳ ಸಹಾಯವಾಣಿಗೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ತಿಳಿಸದಿರುವುದು ಅಪರಾಧ. ಮಕ್ಕಳನ್ನು ಇರಿಸಿಕೊಂಡು ಪೋಷಿಸುವ ಸಂಸ್ಥೆ ಬಾಲನ್ಯಾಯ ಕಾಯಿದೆಯಡಿ ನೋಂದಾಯಿತವಾಗಿರಬೇಕು. ಸಾಕ್ಷಿ ನಿಲ್ಲಿಸುವುದೆಂಬ ಶರೀಅತಿನ ನಿಬಂಧನೆ ಇಂದು ಈ ರೂಪದಲ್ಲಿ ನಮ್ಮ ಮುಂದಿದೆ. ಒಳ್ಳೆಯ ಉದ್ದೇಶದಿಂದಲೇ ಆಗಲಿ, ನೋಂದಣಿಯಿಲ್ಲದ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಕೂಡಿಹಾಕಿ ಅದಕ್ಕೊಂದು ಅರಬಿ ಹೆಸರಿಟ್ಟು ರಶೀದಿ ಪುಸ್ತಕ ಮುದ್ರಿಸುವುದು ಸೇವೆಯಲ್ಲ. ಅನ್ಯಧರ್ಮದ ಮಗುವನ್ನು ನಮ್ಮ ಸಂಸ್ಥೆಗೆ ಕರೆತರುವುದೂ ಸೇವೆಯಲ್ಲ. ಅಂತಹ ಮಗುವನ್ನು ಸಮಿತಿಗೆ ಒಪ್ಪಿಸಿ, ಅದರ ಊಟ ಓದುಗಳಿಗೆ ಹೊರಗಿನಿಂದ ನೆರವಾಗುವುದೇ ಅಮಾನತ್ತಿನ ದಾರಿ.

ಮನೆಯೊಳಗಿನ ಬೀದಿ

ಇಲ್ಲಿ ಇನ್ನೊಂದು ಕಹಿ ಮಾತನ್ನು ಹೇಳಲೇಬೇಕು. ಬೀದಿಯ ಮಗುವಿಗಾಗಿ ಮರುಗುವ ನಮ್ಮ ಕೆಲವು ಮನೆಗಳಲ್ಲಿ, ಓದಿಸುತ್ತೇವೆಂಬ ಮಾತು ಕೊಟ್ಟು ಕರೆತಂದ ಬಡ ಹುಡುಗಿ ಪಾತ್ರೆ ತೊಳೆಯುತ್ತಿರುತ್ತಾಳೆ. ಕೆಲವು ಅಂಗಡಿ, ಹೋಟೆಲುಗಳಲ್ಲಿ ಹನ್ನೆರಡರ ಹುಡುಗ ಮೇಜು ಒರೆಸುತ್ತಿರುತ್ತಾನೆ. ಅವನ ಮನೆಯವರಿಗೆ ಉಪಕಾರವಾಯಿತೆಂದು ಧಣಿಗಳು ಹೇಳಿಕೊಳ್ಳುತ್ತಾರೆ. 2016ರ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿನ ಭಯ ಪಕ್ಕಕ್ಕಿರಲಿ. ಯತೀಮನನ್ನು ತಳ್ಳುವವನನ್ನು ಧರ್ಮವನ್ನೇ ಸುಳ್ಳಾಗಿಸುವವನೆಂದು ಸೂರಃ ಅಲ್ ಮಾಊನ್ ಗುರುತಿಸಿದೆ. ನಮಾಝಿನಲ್ಲಿ ಉದಾಸೀನರಾಗಿ ತೋರಿಕೆಗೆ ನಿಲ್ಲುವವರನ್ನೂ ಅದೇ ಸೂರಃ ಎಚ್ಚರಿಸುತ್ತದೆ. ನಾವು ಅದನ್ನು ಚಿಕ್ಕ ಸೂರಃ ಎಂದು ನಮಾಝಿನಲ್ಲಿ ಬೇಗ ಬೇಗ ಓದಿ ಮುಗಿಸುತ್ತೇವೆ. ಅದರ ಭಾರವನ್ನು ಹೊರಲು ಒಂದು ಆಯುಷ್ಯ ಬೇಕು.

ಮಹಲ್ಲುಗಳು ಮಾಡಬೇಕಾದುದು

ಮೊದಲನೆಯದಾಗಿ, ಮಗುವಿನ ಕೈಗೆ ನಾಣ್ಯ ಕೊಡುವುದನ್ನು ನಿಲ್ಲಿಸೋಣ. ಹಸಿದಿದ್ದರೆ ಊಟ ಕೊಡೋಣ, ಚಳಿಯಲ್ಲಿ ನಡುಗುತ್ತಿದ್ದರೆ ಬಟ್ಟೆ ಕೊಡೋಣ. ಜೊತೆಗೆ ಮೂರು ಪ್ರಶ್ನೆ ಕೇಳೋಣ: ನಿನ್ನ ಹೆಸರೇನು, ಎಲ್ಲಿ ಮಲಗುತ್ತೀ, ಯಾವ ಶಾಲೆ? ತಾಯಿ ಜೊತೆಗಿದ್ದರೆ ನಮ್ಮ ಮನೆಯ ಹೆಂಗಸರು ಆಕೆಯೊಡನೆ ಕುಳಿತು ಮಾತನಾಡಲಿ. ಗಂಡಸರು ಹತ್ತು ಮಂದಿ ಸುತ್ತ ನಿಂತು ವಿಚಾರಣೆ ನಡೆಸಿದರೆ ಆಕೆ ಮರುದಿನ ಊರನ್ನೇ ಬಿಟ್ಟಾಳು.

ಎರಡನೆಯದಾಗಿ, ಮಗು ಒಂಟಿಯಾಗಿದ್ದರೆ, ಗಾಯಗೊಂಡಿದ್ದರೆ, ಜೊತೆಗಿರುವವರ ಬಗ್ಗೆ ಸಂಶಯವಿದ್ದರೆ 1098ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ನಡೆಯುವ ಉಚಿತ ಸಹಾಯವಾಣಿಯಿದು. ಕರೆ ಮಾಡಿ ಮನೆಗೆ ಹೋಗಿಬಿಡುವುದಲ್ಲ. ಸಂಬಂಧಪಟ್ಟವರು ಬರುವವರೆಗೆ ಮಗುವಿನ ಬಳಿ ಇರಬೇಕು. ಈ ಸಂಖ್ಯೆಯನ್ನು ಪ್ರತಿ ಮಸೀದಿಯ ಗೇಟಿನಲ್ಲಿ, ಪ್ರತಿ ಉರೂಸಿನ ಚಪ್ಪರದಲ್ಲಿ ಕನ್ನಡ, ಮಲಯಾಳಂ, ಉರ್ದು, ಬಂಗಾಳಿಗಳಲ್ಲಿ ಬರೆಸಿ ಹಾಕಲು ತಗಲುವ ಖರ್ಚು ಒಂದು ಫ್ಲೆಕ್ಸ್ ಬ್ಯಾನರಿನದು.

ಮೂರನೆಯದಾಗಿ, ಶಾಲೆ. ದಾಖಲೆಯಿಲ್ಲವೆಂಬ ಅಂಜಿಕೆಯಿಂದ ವಲಸೆ ಕುಟುಂಬಗಳು ಶಾಲೆಯ ಮೆಟ್ಟಿಲನ್ನೇ ತುಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಯಾವ ಮಗುವಿಗೂ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕು. ಆ ತಂದೆ ತಾಯಿಗೆ ಇದು ಗೊತ್ತಿಲ್ಲ, ಕನ್ನಡವೂ ಬಾರದು. ಮಹಲ್ಲಿನ ಓದಿದ ಯುವಕ ಯುವತಿಯರು ಒಂದು ಬೆಳಿಗ್ಗೆ ಅವರ ಜೊತೆ ಸರಕಾರಿ ಶಾಲೆಗೆ ಹೋಗಿ ನಿಂತರೆ ಸಾಕು. ಆರು ವರ್ಷದೊಳಗಿನ ಮಗುವಿಗೆ ಅಂಗನವಾಡಿಯಿದೆ. ಬಿಸಿಯೂಟ, ಹಾಲು, ಪುಸ್ತಕಗಳು ಅಲ್ಲಿ ಉಚಿತ. ಬೆಳಗಿನ ಮದ್ರಸಕ್ಕೆ ಈ ಮಕ್ಕಳನ್ನು ಶುಲ್ಕವಿಲ್ಲದೆ ಸೇರಿಸಿಕೊಳ್ಳಿ. ಆದರೆ ಮದ್ರಸಕ್ಕೆ ಬರುತ್ತಾನೆಂಬುದು ಶಾಲೆ ತಪ್ಪಿಸಲು ಕಾರಣವಾಗಕೂಡದು.

ನಾಲ್ಕನೆಯದಾಗಿ, ಕುಟುಂಬದ ಸೂರು. ರಮಳಾನಿನಲ್ಲಿ ನೂರು ಮನೆಗೆ ನೂರು ರೂಪಾಯಿಯಂತೆ ಹಂಚಿ ಮುಗಿಸುವ ಬದಲು, ಒಂದು ಕುಟುಂಬಕ್ಕೆ ಒಂದು ವರ್ಷದ ಬಾಡಿಗೆ, ಒಬ್ಬ ವಿಧವೆಗೆ ದುಡಿಮೆಯ ಸಾಧನ ಎಂಬ ಕ್ರಮಕ್ಕೆ ಬರೋಣ. ಝಕಾತಿನ ವಿತರಣೆಯ ನಿಯಮಗಳನ್ನು ತಮ್ಮ ತಮ್ಮ ಉಸ್ತಾದರಿಂದ ತಿಳಿದುಕೊಂಡು ಮಾಡಲಿ. ಮಿಷನ್ ವಾತ್ಸಲ್ಯದ ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಲು ನೆರವಾಗುವುದೂ ಸದಕವೇ. ಅಕ್ಷರ ಬಲ್ಲವನ ಸದಕ ಅರ್ಜಿ ಬರೆದುಕೊಡುವುದು, ತೋಟವಿರುವವನ ಸದಕ ಕೊಯ್ಲಿನ ಕಾಲದಲ್ಲಿ ಒಂದು ಕೋಣೆಯನ್ನು ಶಿಶುಗೃಹವಾಗಿಸಿ ಒಬ್ಬ ಆಯಾಳನ್ನು ನೇಮಿಸುವುದು.

ಪ್ರವಾದಿಯವರು (ಸ.ಅ) ಹುಟ್ಟುವ ಮೊದಲೇ ತಂದೆಯನ್ನು, ಆರರ ಪ್ರಾಯದಲ್ಲಿ ತಾಯಿಯನ್ನು, ಎಂಟರಲ್ಲಿ ಅಜ್ಜನನ್ನು ಕಳೆದುಕೊಂಡವರು. ಒಂದು ಮನೆಯ ಬಾಗಿಲು ಮುಚ್ಚಿದಾಗ ಇನ್ನೊಂದು ಮನೆ ಬಾಗಿಲು ತೆರೆಯಿತು. ಅಜ್ಜ ಎತ್ತಿಕೊಂಡರು, ಆಮೇಲೆ ಸ್ವತಃ ಬಡವರಾಗಿದ್ದ ಅಬೂತಾಲಿಬ್ ಎತ್ತಿಕೊಂಡರು. ಯತೀಮನನ್ನು ಪೋಷಿಸಿದವನು ಸ್ವರ್ಗದಲ್ಲಿ ತಮ್ಮೊಡನೆ ಇರುವನೆಂದು ಎರಡು ಬೆರಳುಗಳನ್ನು ಎತ್ತಿ ತೋರಿಸಿದ ಆ ಪ್ರವಾದಿಯ ಉಮ್ಮತ್ ನಾವು. ಆ ಸಾಮೀಪ್ಯದ ಬೆಲೆ ಒಂದು ನಾಣ್ಯವೆಂದು ತಿಳಿದರೆ ನಷ್ಟ ನಮ್ಮದೇ.

ಬರುವ ಶುಕ್ರವಾರದ ಮೊದಲು ಪ್ರತಿ ಜಮಾಅತ್ ಕಮಿಟಿ ಒಮ್ಮೆ ಸಭೆ ಸೇರಲಿ. ತನ್ನ ಮಹಲ್ಲಿನ ಗಡಿಯೊಳಗೆ ಶಾಲೆಯಿಲ್ಲದ, ಸೂರಿಲ್ಲದ ಮಕ್ಕಳೆಷ್ಟೆಂದು ಹೆಸರು ಹಿಡಿದು ಬರೆದಿಡಲಿ. ಅಂತಹ ಒಂದು ಪಟ್ಟಿ ನಮ್ಮ ಯಾವ ಮಸೀದಿಯ ಕಪಾಟಿನಲ್ಲಿದೆ? ಮಿನಾರಕ್ಕೆ ಬಣ್ಣ ಬಳಿಯಲು ಎಷ್ಟು ಲೀಟರ್ ಬೇಕೆಂಬ ಲೆಕ್ಕ ಎಲ್ಲರಲ್ಲಿಯೂ ಇದೆ.

ಬೀದಿಗೆ ಬಿದ್ದ ಪ್ರತಿ ಮಗುವಿಗೂ ಅಲ್ಲಾಹನು ಒಂದು ಸೂರನ್ನು ಕರುಣಿಸಲಿ. ಆ ಸೂರನ್ನು ಕಟ್ಟುವ ಕೈಗಳಲ್ಲಿ ನಮ್ಮ ಕೈಗಳನ್ನೂ ಸೇರಿಸಲಿ. ಆಮೀನ್.